ಬೋಲೆಯ ಸಾಂಸ್ಕೃತಿಕ ಹೋಟೆಲ್: ಕುಣಿತ ನೋಡೋಕೆ ಹೋದವರು ತಟ್ಟೆಯನ್ನೂ ನೋಡಿ

ಅಡಿಸ್ ಅಬಾಬಾಕ್ಕೆ ಹೊಸದಾಗಿ ಯಾರೇ ಬರಲಿ, ಇಲ್ಲಿನವರು ಅವರನ್ನು ಒಂದು ಸಂಜೆಯಾದರೂ ಸಾಂಸ್ಕೃತಿಕ ಹೋಟೆಲ್‌ಗೆ ಕರೆದುಕೊಂಡು ಹೋಗದೆ ಬಿಡುವುದಿಲ್ಲ. ದೊಡ್ಡ ಹಾಲ್, ಮುಂದೆ ವೇದಿಕೆ, ಕೆಳಗೆ ಹಸಿ ಹುಲ್ಲು ಹರಡಿರುತ್ತಾರೆ, ಇಂಜೆರಾ ಅನ್ನುವ ಹುಳಿ ದೋಸೆಯಂಥ ರೊಟ್ಟಿಯ ಊಟ. ಊಟದ ಜೊತೆಗೆ ಇಥಿಯೋಪಿಯಾದ ಒಂದೊಂದು ಜನಾಂಗದ ಕುಣಿತ. ವಿಮಾನ ನಿಲ್ದಾಣದ ಕಡೆಯ ಬೋಲೆ ಭಾಗದಲ್ಲಿ ಇಂಥ ಹೋಟೆಲ್‌ಗಳು ಹಲವಾರಿವೆ. ನಾನು ಹೇಳುತ್ತಿರುವುದು ಅದರಲ್ಲಿ ಒಂದರ ಬಗ್ಗೆ. ಬಿಲ್ ವಿಷಯದಲ್ಲಿ ಸ್ವಲ್ಪ ಮಾತುಕತೆ ಆಗಿದ್ದರಿಂದ ಹೆಸರು ಬೇಡ. ಹೆಸರು ಗೊತ್ತಾಗದಿದ್ದರೂ ನಿಮಗೇನೂ ನಷ್ಟವಿಲ್ಲ. ಎಲ್ಲ ಕಡೆ ಏರ್ಪಾಡು ಹೆಚ್ಚುಕಮ್ಮಿ ಒಂದೇ.

ನಾನು ಗದಗಿನ ಕಡೆಯವಳು. ಅಡಾಮಾದಲ್ಲಿ ಕಾಲೇಜು ಹುಡುಗರಿಗೆ ಅಕೌಂಟಿಂಗ್ ಹೇಳಿಕೊಡುತ್ತೇನೆ. ಚಕ್ರವರ್ತಿ ಹೈಲೆ ಸೆಲಾಸಿ ಕಾಲದಿಂದಲೂ ಈ ದೇಶಕ್ಕೆ ಭಾರತದ ಮೇಷ್ಟ್ರುಗಳು ಬರುತ್ತಲೇ ಇದ್ದಾರೆ. ಹಾಗಾಗಿ ಇಲ್ಲಿನ ವಯಸ್ಸಾದವರು ನನ್ನನ್ನು ಕಂಡ ಕೂಡಲೇ ತಮ್ಮ ಗಣಿತದ ಮೇಷ್ಟ್ರ ಸುದ್ದಿ ತೆಗೆಯುತ್ತಾರೆ. ನಾನು ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಈ ವಿಮರ್ಶೆಯ ಮುಕ್ಕಾಲು ಪಾಲು ಆ ಕಣ್ಣಿನಿಂದಲೇ ಬರೆದದ್ದು.

ಟೇಬಲ್ ಬುಕ್ ಮಾಡುವಾಗ ಒಂದು ಎಚ್ಚರ. ಇಲ್ಲಿ ದಿನದ ಎಣಿಕೆ ಬೆಳಗಿನ 6ರಿಂದ ಶುರು. ನಮ್ಮ ಬೆಳಗಿನ 7 ಅವರಿಗೆ 1 ಗಂಟೆ, ನಮ್ಮ ರಾತ್ರಿ 7 ಕೂಡ ಅವರಿಗೆ 1 ಗಂಟೆ. ಫೋನಿನಲ್ಲಿ "ಸಂಜೆ 1ಕ್ಕೆ ಬನ್ನಿ" ಅಂದರೆ ಗಾಬರಿ ಬೇಡ. ಏಳಕ್ಕೆ ಹೋಗಿ, ವೇದಿಕೆಗೆ ತೀರಾ ಹತ್ತಿರದ ಜಾಗ ಕೇಳಬೇಡಿ. ಸ್ಪೀಕರ್ ನೇರ ಕಿವಿಗೇ ಬಡಿಯುತ್ತದೆ, ಪಕ್ಕದವರ ಮಾತು ಕೇಳುವುದೇ ಇಲ್ಲ. ನಾವು ಹಿಂದಿನ ಗೋಡೆಯ ಪಕ್ಕದ ಮೇಜು ಹಿಡಿದೆವು. ಆ ಮೇಜೇ ನನ್ನ ಪಾಲಿಗೆ ವೇದಿಕೆಗಿಂತ ಜಾಸ್ತಿ ಸ್ವಾರಸ್ಯವಾಗಿತ್ತು.

ನಾವು ಐದು ಜನ. ಒಬ್ಬಳು ಶೆವಾ ಕಡೆಯ ಒರೊಮೊ, ಆರ್ಥೊಡಾಕ್ಸ್ ಕ್ರೈಸ್ತಳು. ಇನ್ನೊಬ್ಬನೂ ಒರೊಮೊನೇ, ಆದರೆ ಪಶ್ಚಿಮದ ವೊಲ್ಲೆಗಾದವನು, ಪ್ರೊಟೆಸ್ಟೆಂಟ್. ಮೂರನೆಯವನು ವೊಲ್ಲೊ ಕಡೆಯ ಅಮ್ಹಾರ, ಮುಸ್ಲಿಂ. ನಾಲ್ಕನೆಯವನು ಗುರಾಗೆ, ಆರ್ಥೊಡಾಕ್ಸ್. ಐದನೆಯವಳು ನಾನು. ಎಲ್ಲರೂ ಒಂದೇ ಸ್ಟಾಫ್ ರೂಮಿನವರು. ಅವತ್ತು ಬುಧವಾರ.

ಬುಧವಾರ ಅಂತ ಯಾಕೆ ಹೇಳುತ್ತಿದ್ದೇನೆ ಅಂದರೆ, ಇಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ಬುಧವಾರ, ಶುಕ್ರವಾರ ಎರಡೂ ಉಪವಾಸದ ದಿನ. ಉಪವಾಸ ಅಂದರೆ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇಲ್ಲ. ಇದರ ಮೇಲೆ ಈಸ್ಟರ್‌ಗೆ ಮುಂಚೆ 55 ದಿನಗಳ ದೊಡ್ಡ ಉಪವಾಸ, ಅದಲ್ಲದೆ ಇನ್ನೂ ಕೆಲವು. ಸಾಮಾನ್ಯ ಭಕ್ತರಿಗೇ ವರ್ಷಕ್ಕೆ ಸುಮಾರು 180 ದಿನ ಹೀಗೆ ಹೋಗುತ್ತದೆ. ಕಟ್ಟುನಿಟ್ಟಿನವರು ಮಧ್ಯಾಹ್ನ ಮೂರರವರೆಗೆ ನೀರೂ ಮುಟ್ಟುವುದಿಲ್ಲ. ನನ್ನಂಥವರಿಗೆ ಇದು ಹಬ್ಬ. ಮೆನುವಿನಲ್ಲಿ 'ತ್ಸೋಮ್', ಅಂದರೆ ಉಪವಾಸದ್ದು, ಅಂತ ಇರುವುದನ್ನು ಕೇಳಿದರೆ ಸಾಕು, ತುಪ್ಪದ ಹನಿಯೂ ಬೀಳದ ಅಡುಗೆ ಸಿಗುತ್ತದೆ. ಬರೀ 'ಮಾಂಸ ಬೇಡ' ಅಂದರೆ ನಂಬಬೇಡಿ. ಮಾಂಸ ಇರುವುದಿಲ್ಲ ನಿಜ, ಆದರೆ ಮಸಾಲೆ ಹಾಕಿ ಕಾಯಿಸಿದ ಬೆಣ್ಣೆ ಇರಬಹುದು. ಹಾಲು ಬೆಣ್ಣೆ ನಡೆಯುವವರಿಗೆ ಅದು ಇನ್ನೂ ರುಚಿ, ಆ ಮಾತು ಬೇರೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಈಸ್ಟರ್ ಆದ ಮೇಲಿನ 50 ದಿನ ಬುಧವಾರ, ಶುಕ್ರವಾರದ ಉಪವಾಸ ಇಲ್ಲ. ಆಗ ಸಣ್ಣ ಹೋಟೆಲ್‌ಗಳಲ್ಲಿ ಉಪವಾಸದ ಅಡುಗೆಯೇ ಮಾಡದೆ ಇರಬಹುದು, ಸಸ್ಯಾಹಾರಿಗಳ ಪಾಡು ನಾಯಿಪಾಡು. ಬೋಲೆಯ ಈ ದೊಡ್ಡ ಹೋಟೆಲ್‌ಗಳಲ್ಲಿ ಮಾತ್ರ ವರ್ಷವಿಡೀ ಸಿಗುತ್ತದೆ. ಅದಕ್ಕೊಂದು ಮಾರ್ಕ್ಸ್ ಜಾಸ್ತಿ.

ಈಗ ಆರ್ಡರ್ ವಿಷಯ. ಶೆವಾದವಳಿಗೆ ಉಪವಾಸ. ಗುರಾಗೆಯವನಿಗೂ ಉಪವಾಸ. ವೊಲ್ಲೊದವನು ವೇಟರ್ ಹುಡುಗನನ್ನು ಮೆಲ್ಲಗೆ ಕೇಳಿದ, "ಮಾಂಸ ಯಾರದು?" ಹುಡುಗ ಮುಚ್ಚಿಡದೆ "ಕ್ರೈಸ್ತರದು" ಅಂದ. ಇಲ್ಲಿ ಇದು ದೊಡ್ಡ ಗೆರೆ. ಆರ್ಥೊಡಾಕ್ಸ್ ಕ್ರೈಸ್ತರು ಪ್ರಾಣಿ ಕೊಯ್ಯುವಾಗ ತಂದೆ, ಮಗ, ಪವಿತ್ರಾತ್ಮದ ಹೆಸರು ಹೇಳುತ್ತಾರೆ. ಮುಸ್ಲಿಮರು ಬಿಸ್ಮಿಲ್ಲಾ ಹೇಳುತ್ತಾರೆ. ಇವರು ಕೊಯ್ದದ್ದನ್ನು ಸಾಮಾನ್ಯವಾಗಿ ಅವರು ತಿನ್ನಲ್ಲ, ಅವರು ಕೊಯ್ದದ್ದನ್ನು ಇವರು ತಿನ್ನಲ್ಲ. ಕಸಾಯಿ ಅಂಗಡಿಗಳೂ ಬೇರೆ ಬೇರೆ, ಒಂದರ ಬೋರ್ಡಿನಲ್ಲಿ ಶಿಲುಬೆ, ಇನ್ನೊಂದರಲ್ಲಿ ಅರ್ಧಚಂದ್ರ. ಮದುವೆ ಮನೆಗಳಲ್ಲಿ ಎರಡು ಒಲೆ ಹೂಡುತ್ತಾರೆ. ಮೆನುವಿನಲ್ಲಿ ಹಂದಿ ಮಾತ್ರ ಇಲ್ಲವೇ ಇಲ್ಲ, ಯಾಕಂದರೆ ಇಬ್ಬರೂ ಅದನ್ನು ಮುಟ್ಟುವುದಿಲ್ಲ. ಹಾಗಾಗಿ ವೊಲ್ಲೊದವನೂ ಉಪವಾಸದ ತಟ್ಟೆಗೇ ಬಂದ.

ಮಾಂಸ ತಿನ್ನೋಕೆ ಯಾವ ಅಡ್ಡಿಯೂ ಇಲ್ಲದಿದ್ದವನು ವೊಲ್ಲೆಗಾದ ಪ್ರೊಟೆಸ್ಟೆಂಟ್ ಒಬ್ಬನೇ. ಅವನು ತರಿಸಿದ್ದು ಕಿಟ್ಫೊ. ಕಿಟ್ಫೊ ಗುರಾಗೆ ಜನರ ಹೆಮ್ಮೆಯ ಊಟ. ಸಣ್ಣಗೆ ಕೊಚ್ಚಿದ ಹಸಿ ದನದ ಮಾಂಸ, ಅದಕ್ಕೆ ಬೆಚ್ಚಗಿನ ಮಸಾಲೆ ಬೆಣ್ಣೆ, ಮಿತ್ಮಿತಾ ಅನ್ನುವ ಖಾರದಪುಡಿ. ಪಕ್ಕದಲ್ಲಿ ಸೊಪ್ಪು, ಪನೀರಿನಂಥ ಅಯಿಬ್, ಮತ್ತೆ ಕೊಚೊ. ತನ್ನ ಊರಿನ ಊಟ ತನಗಿಲ್ಲ, ಪಕ್ಕದವನಿಗೆ! ಗುರಾಗೆಯವನ ಮುಖ ನೋಡಬೇಕಿತ್ತು. "ಬೆಣ್ಣೆ ಕಡಿಮೆ ಹಾಕಿದ್ದಾರೆ, ಬಣ್ಣ ನೋಡಿದರೇ ಗೊತ್ತಾಗುತ್ತೆ" ಅಂತ ದೂರದಿಂದಲೇ ತೀರ್ಪು ಕೊಟ್ಟ. ಉಪವಾಸದವರ ತಟ್ಟೆಗೆ ತಾಗಬಾರದು ಅಂತ ಕಿಟ್ಫೊವನ್ನು ಮೇಜಿನ ತುದಿಯಲ್ಲಿ ಬೇರೆ ಇಟ್ಟರು. ಯಾರೂ ಮುಖ ಸಿಂಡರಿಸಲಿಲ್ಲ, ಯಾರೂ ಕ್ಷಮೆ ಕೇಳಲಿಲ್ಲ. ಅಷ್ಟು ಮಾಮೂಲು ಅದು.

ಕೊಚೊ ಬಗ್ಗೆ ಸ್ವಲ್ಪ ಹೇಳಬೇಕು. ಬಾಳೆಯಂತೆಯೇ ಕಾಣುವ ಎನ್ಸೆಟ್ ಅನ್ನುವ ಗಿಡವಿದೆ, ಅದರ ಹಣ್ಣು ತಿನ್ನೋದಿಲ್ಲ. ದಿಂಡನ್ನೂ ಗಡ್ಡೆಯನ್ನೂ ಹೆರೆದು, ಎಲೆ ಹಾಸಿದ ಗುಂಡಿಯಲ್ಲಿ ಹೂತು, ತಿಂಗಳುಗಟ್ಟಲೆ ಹುಳಿ ಬರಿಸಿ, ಆ ಹಿಟ್ಟಿನಿಂದ ರೊಟ್ಟಿ ಸುಡುತ್ತಾರೆ. ಅದೇ ಕೊಚೊ. ದಕ್ಷಿಣದ ಗುರಾಗೆ, ಸಿದಾಮಾ ಮತ್ತು ಸುತ್ತಲಿನ ಜನರಿಗೆ ಇದೇ ಹೊಟ್ಟೆಪಾಡು. ಸುಮಾರು 2 ಕೋಟಿ ಜನ ಈ ಗಿಡವನ್ನು ನಂಬಿದ್ದಾರೆ. ನನಗೆ ಒಂದು ತುಂಡು ಕೊಟ್ಟರು. ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ, ಜಗಿದರೆ ರಬ್ಬರ್. ಎರಡನೇ ತುಂಡಿಗೆ ಕೈ ಹೋಗಲಿಲ್ಲ. ಇಂಜೆರಾವೇ ಇಥಿಯೋಪಿಯಾದ ಊಟ ಅಂತ ತಿಳಿದು ಬರುವವರು ಈ ತುಂಡನ್ನು ಬಾಯಿಗೆ ಹಾಕಿ ನೋಡಬೇಕು. ಇಂಜೆರಾಕ್ಕೆ ಬೇಕಾದ ಟೆಫ್ ಧಾನ್ಯ ಬೆಳೆಯುವ ಎತ್ತರದ ಸೀಮೆ ಒಂದು ಲೋಕ, ಎನ್ಸೆಟ್ ಸೀಮೆ ಇನ್ನೊಂದು.

ನಮ್ಮ ನಾಲ್ವರ ತಟ್ಟೆ ಬಂತು. ಮೆಸೊಬ್ ಅನ್ನುವ ಹೆಣೆದ ಬುಟ್ಟಿಮೇಜಿನ ಮೇಲೆ ಅಗಲವಾದ ಒಂದೇ ಇಂಜೆರಾ. ಅದರ ಮೇಲೆ ಬಣ್ಣಬಣ್ಣದ ಗುಡ್ಡೆಗಳು. ಕೆಂಪಗೆ ಮಸೂರ್ ಬೇಳೆಯ ಮಿಸಿರ್ ವೊಟ್, ಹಳದಿ ಬಟಾಣಿ ಬೇಳೆಯ ಕಿಕ್ ಅಲಿಚಾ, ಗೊಮೆನ್ ಸೊಪ್ಪು, ಎಲೆಕೋಸು ಕ್ಯಾರೆಟ್ ಪಲ್ಯ, ಬೀಟ್‌ರೂಟ್, ಬೀನ್ಸ್. ನಡುವೆ ಮಣ್ಣಿನ ಗಡಿಗೆಯಲ್ಲಿ ಕುದಿಯುತ್ತಲೇ ಬಂದ ಶಿರೊ. ಕಡಲೆ ಹಿಟ್ಟಿನದು, ನಮ್ಮ ಜುಣಕಕ್ಕೆ ನೀರು ಜಾಸ್ತಿ ಹಾಕಿ ಬೆಳ್ಳುಳ್ಳಿ ಬೆರ್ಬೆರೆ ಖಾರ ಬಿಟ್ಟಂತೆ. ಶಿರೊಗೆ ನೂರಕ್ಕೆ ನೂರು. ಬೇಳೆಗಳೂ ಚೆನ್ನಾಗಿದ್ದವು. ಎಲೆಕೋಸು ಬೆಂದು ಮುದ್ದೆ ಆಗಿತ್ತು, ಬೀಟ್‌ರೂಟ್ ಫ್ರಿಜ್ಜಿನಿಂದ ತೆಗೆದದ್ದು ಅಂತ ಗೊತ್ತಾಗುತ್ತಿತ್ತು. ಇಂಜೆರಾ ಮೆತ್ತಗಿತ್ತು, ಹುಳಿ ಹದವಾಗಿತ್ತು, ಕೇಳಿದಷ್ಟು ಸಲ ಸುತ್ತಿಟ್ಟು ತಂದರು. ಅದಕ್ಕೆ ಬೇರೆ ದುಡ್ಡು ಹಾಕಲಿಲ್ಲ.

ಆ ತಟ್ಟೆಯನ್ನು ನೋಡುತ್ತಾ ನನಗೆ ಅನಿಸಿದ್ದು ಇಷ್ಟು. ಒಬ್ಬಳಿಗೆ ವ್ರತ, ಒಬ್ಬನಿಗೆ ಅನಿವಾರ್ಯ, ಒಬ್ಬನಿಗೆ ಕೊಯ್ದ ಕೈ ಯಾರದು ಅನ್ನುವ ಪ್ರಶ್ನೆ, ನನಗೆ ಹುಟ್ಟಿದಾಗಿನಿಂದ ಬಂದ ಅಭ್ಯಾಸ. ನಾಲ್ಕು ಕಾರಣಕ್ಕೆ ನಾಲ್ಕು ಕೈ ಒಂದೇ ಇಂಜೆರಾ ಹರಿಯುತ್ತಿದ್ದವು. ಒರೊಮೊಗಳಿಬ್ಬರ ಊಟ ಬೇರೆ ಬೇರೆ. ಒರೊಮೊ ಹುಡುಗಿಯೂ ಅಮ್ಹಾರ ಹುಡುಗನೂ ಒಂದೇ ಕಡೆ. ಶೆವಾದವಳು ಒಂದು ತುತ್ತು ಸುತ್ತಿ ನನ್ನ ಬಾಯಿಗೇ ಇಟ್ಟಳು. ಇದಕ್ಕೆ ಗುರ್ಶಾ ಅಂತಾರೆ, ಬೇಡ ಅನ್ನಬಾರದು. ತುತ್ತು ದೊಡ್ಡದು, ಕಣ್ಣಲ್ಲಿ ನೀರು ಬಂತು. ಖಾರಕ್ಕೆ.

ಇನ್ನು ಕುಣಿತ. ಮಸಿಂಕೊ, ಕ್ರಾರ್ ಅನ್ನುವ ತಂತಿವಾದ್ಯಗಳು, ವಾಶಿಂತ್ ಕೊಳಲು, ಕೆಬೆರೊ ಡೋಲು, ಎಲ್ಲ ಕಣ್ಣೆದುರೇ ನುಡಿಸುತ್ತಾರೆ. ಕೀಬೋರ್ಡ್ ಇಲ್ಲದಿದ್ದರೆ ಇನ್ನೂ ಚೆನ್ನ. ಮೊದಲು ಟಿಗ್ರಾಯ್, ಸುತ್ತು ಹಾಕಿ ನಿಧಾನವಾಗಿ ಹೆಜ್ಜೆ. ಆಮೇಲೆ ಅಮ್ಹಾರ ಜನರ ಎಸ್ಕಿಸ್ತಾ. ಕಾಲು ಹೆಚ್ಚು ಕದಲುವುದಿಲ್ಲ, ಭುಜ, ಕತ್ತು, ಎದೆ ಮಾತ್ರ ತಾಳಕ್ಕೆ ನಡುಗುತ್ತವೆ. ಎರಡು ಮೇಜು ಆಚೆ ಕೂತಿದ್ದ ಅಜ್ಜಿಯೊಬ್ಬರು ಕೂತಲ್ಲೇ ಭುಜ ಕುಣಿಸಿದರು, ವೇದಿಕೆಯವರಿಗಿಂತ ಚೆನ್ನಾಗಿ. ಗುರಾಗೆ ಕುಣಿತ ಪೂರ್ತಿ ಕಾಲಿನದು, ಓಟದಷ್ಟು ವೇಗ. ಶೆವಾ ಒರೊಮೊ ಹೆಂಗಸರ ಕುಣಿತದಲ್ಲಿ ತಲೆ ಗಿರ್ರನೆ ತಿರುಗುತ್ತದೆ, ಕೂದಲು ಹಾರುತ್ತದೆ. ವೊಲಾಯ್ತಾದ್ದು ಸೊಂಟದ ಕುಣಿತ. ಕೊನೆಗೆ ಗಂಬೆಲ್ಲಾ ಕಡೆಯದು, ಮಣಿಸರ, ಗರಿ ತೊಟ್ಟು.

ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆದರೆ ನನ್ನ ದೂರು ಇರುವುದೂ ಇಲ್ಲೇ. ಅದೇ ಎಂಟು ಹುಡುಗ ಹುಡುಗಿಯರು ಒಳಗೆ ಹೋಗಿ ಬಟ್ಟೆ ಬದಲಿಸಿ ಬರುತ್ತಾರೆ. ಮೈಕಿನವನು "ಈಗ ದಕ್ಷಿಣದಿಂದ!" ಅಂತ ಕೂಗುತ್ತಾನೆ, ನಾಲ್ಕು ನಿಮಿಷದಲ್ಲಿ ದಕ್ಷಿಣ ಮುಗಿಯಿತು. ಈ ದೇಶದಲ್ಲಿ 80ಕ್ಕೂ ಹೆಚ್ಚು ಜನಾಂಗಗಳಿವೆ. 2007ರ ಜನಗಣತಿಯ ಪ್ರಕಾರ ಒರೊಮೊ ಸುಮಾರು 34%, ಅಮ್ಹಾರ 27%, ಸೊಮಾಲಿ ಮತ್ತು ಟಿಗ್ರಾಯ್ ತಲಾ 6%. ಅದಾದ ಮೇಲೆ ಜನಗಣತಿಯೇ ನಡೆದಿಲ್ಲ. ಎಲ್ಲವನ್ನೂ ಒಂದು ರಾತ್ರಿಯಲ್ಲಿ ತೋರಿಸೋಕೆ ಆಗಲ್ಲ, ಒಪ್ಪೋಣ. ಆದರೆ ಮೂರನೇ ದೊಡ್ಡ ಜನಾಂಗವಾದ ಸೊಮಾಲಿಗಳದ್ದು ಒಂದೇ ಒಂದು ಹೆಜ್ಜೆಯೂ ಅವತ್ತು ಇರಲಿಲ್ಲ. ಅಫಾರ್ ಇಲ್ಲ, ಹರಾರಿಗಳೂ ಇಲ್ಲ. ಈ ಮೂರೂ ಬಹುಪಾಲು ಮುಸ್ಲಿಂ ಜನಾಂಗಗಳು. ಅದೇ 2007ರ ಲೆಕ್ಕದಲ್ಲಿ ಮೂರರಲ್ಲಿ ಒಬ್ಬರು ಮುಸ್ಲಿಮರು. ವೇದಿಕೆ ನೋಡಿದ ಪ್ರವಾಸಿಗೆ ಇಲ್ಲಿ ಮುಸ್ಲಿಮರು ಇದ್ದಾರೆ ಅಂತಲೇ ಗೊತ್ತಾಗುವುದಿಲ್ಲ.

"ನಿಮ್ಮ ಊರಿನ ಮೆಂಜುಮಾ ಯಾಕೆ ಹಾಡಲ್ಲ?" ಅಂತ ವೊಲ್ಲೊದವನನ್ನು ಕೇಳಿದೆ. ಅಮ್ಹಾರಿಕ್ ಭಾಷೆಯಲ್ಲೇ ಹಾಡುವ ಮುಸ್ಲಿಂ ಭಕ್ತಿಗೀತೆ ಅದು. "ತೆಜ್ ಕುಡಿಯುವ ಜಾಗದಲ್ಲಿ ಹಾಡಿದರೆ ನಮ್ಮ ಅಜ್ಜನೇ ಎದ್ದು ಬರ್ತಾನೆ" ಅಂದ. ತೆಜ್ ಅಂದರೆ ಜೇನಿನ ಮದ್ಯ. ಸರಿಯಾದ ಮಾತೇ. ಅವನ ಮನೆಯಲ್ಲಿ ಅಜ್ಜಿಯ ಕಡೆಯವರು ಕ್ರೈಸ್ತರು. ವೊಲ್ಲೊದಲ್ಲಿ ಇದು ಹೊಸದಲ್ಲ, ಒಂದೇ ಮನೆತನದಲ್ಲಿ ಎರಡೂ ಧರ್ಮ ಇರುತ್ತವೆ. ಒರೊಮೊಗಳನ್ನು ನೋಡಿದರೂ ಹಾಗೇ. ಆರ್ಸಿ, ಹರಾರ್ಗೆ, ಜಿಮ್ಮಾದಲ್ಲಿ ಮುಸ್ಲಿಮರು ಹೆಚ್ಚು, ಶೆವಾದಲ್ಲಿ ಆರ್ಥೊಡಾಕ್ಸ್, ವೊಲ್ಲೆಗಾದಲ್ಲಿ ಪ್ರೊಟೆಸ್ಟೆಂಟರು. ಇದೆಲ್ಲಕ್ಕಿಂತ ಹಳೆಯದಾದ, ವಾಕಾ ಅನ್ನುವ ದೇವರನ್ನು ನಂಬುವ ವಾಕೆಫನ್ನಾದವರೂ ಇದ್ದಾರೆ. ಅಡಾಮಾದಿಂದ ಬರುವ ದಾರಿಯಲ್ಲೇ ಬಿಶೋಫ್ತು ಸಿಗುತ್ತದೆ. ಮಳೆಗಾಲ ಮುಗಿದ ಮೇಲೆ ಅಲ್ಲಿನ ಹೊರಾ ಆರ್ಸಾದಿ ಕೆರೆಯಲ್ಲಿ ಇರೇಚಾ ಹಬ್ಬ, ಲಕ್ಷಗಟ್ಟಲೆ ಜನ ಹಸಿ ಹುಲ್ಲು, ಹೂವು ಹಿಡಿದು ನೀರಿಗೆ ಇಳಿಯುತ್ತಾರೆ. ನಮ್ಮ ಮೇಜಿನ ಶೆವಾದವಳು ಹೋಗುತ್ತಾಳೆ. ವೊಲ್ಲೆಗಾದವನ ಚರ್ಚಿನಲ್ಲಿ ಅದು ಸರಿಯಲ್ಲ ಅಂತಾರೆ. ಅವನ ತಂಗಿ ಹೋಗುತ್ತಾಳೆ, ಅವನು ಹೋಗಲ್ಲ. ಇದರ ಮೇಲೆ ಇಬ್ಬರಿಗೂ ಹತ್ತು ನಿಮಿಷ ವಾದ ನಡೆಯಿತು, ಅದೂ ಒರೊಮೊ ಭಾಷೆಯಲ್ಲಿ. ನಮಗೆ ಮೂವರಿಗೂ ಏನೂ ಅರ್ಥ ಆಗಲಿಲ್ಲ, ಸುಮ್ನೆ ಬೇಳೆ ಖಾಲಿ ಮಾಡಿದೆವು.

ಗುರಾಗೆ ಕುಣಿತಕ್ಕೆ ಹಾಲ್ ಪೂರ್ತಿ ಎದ್ದಿತು. ದೇಶದ ಲೆಕ್ಕದಲ್ಲಿ ಅವರು 2.5% ಅಷ್ಟೇ. ಅಡಿಸ್‌ನಲ್ಲಿ ಮಾತ್ರ 2007ರಲ್ಲೇ ಸುಮಾರು 16%. ಮೆರ್ಕಾತೊ ಮಾರುಕಟ್ಟೆಯ ವ್ಯಾಪಾರ ಬೆಳೆದದ್ದರಲ್ಲಿ ಅವರ ಪಾಲು ದೊಡ್ಡದು. ಅವರಲ್ಲೂ ಆರ್ಥೊಡಾಕ್ಸ್, ಮುಸ್ಲಿಂ, ಪ್ರೊಟೆಸ್ಟೆಂಟ್ ಎಲ್ಲ ಇದ್ದಾರೆ. ಇನ್ನೂ ಮಜಾ ಕೇಳಿ. ಸಿಲ್ತೆ ಅನ್ನುವವರನ್ನು ಮುಂಚೆ ಗುರಾಗೆಗಳ ಜೊತೆಗೇ ಸೇರಿಸುತ್ತಿದ್ದರು, ಬಹುಪಾಲು ಮುಸ್ಲಿಮರು. "ನಾವು ಬೇರೆ" ಅಂತ ಹೇಳಿ, 2001ರಲ್ಲಿ ಮತ ಹಾಕಿ ಬೇರೆಯಾದರು. ಸಿದಾಮಾ ಜನ 2019ರ ನವೆಂಬರ್‌ನಲ್ಲಿ ಮತ ಹಾಕಿ 2020ರಲ್ಲಿ ತಮ್ಮದೇ ರಾಜ್ಯ ಪಡೆದರು. 1995ರ ಸಂವಿಧಾನದಲ್ಲಿ 9 ರಾಜ್ಯ ಇದ್ದದ್ದು ಈಗ 12. ಮೈಕಿನವನು ಒಂದೇ ಉಸಿರಿಗೆ "ದಕ್ಷಿಣದಿಂದ" ಅಂತ ಕೂಗಿದ ಆ ರಾಜ್ಯವೇ 2023ರ ಹೊತ್ತಿಗೆ ಒಡೆದು ನಾಲ್ಕಾಗಿದೆ. ಅವನ ಚೀಟಿಯನ್ನು ಯಾರಾದರೂ ತಿದ್ದಿಸಬೇಕು.

ಟಿಗ್ರಾಯ್ ಕುಣಿತದ ಹೊತ್ತಿಗೆ ನಮ್ಮ ಮೇಜಿನಲ್ಲಿ ಮಾತು ನಿಂತಿತ್ತು. ಟಿಗ್ರಾಯ್‌ನಲ್ಲಿ 2020ರಲ್ಲಿ ಶುರುವಾದ ಯುದ್ಧ 2022ರ ನವೆಂಬರ್‌ನಲ್ಲಿ ಪ್ರಿಟೋರಿಯಾ ಒಪ್ಪಂದದಿಂದ ನಿಂತಿತು. ಆ ಯುದ್ಧದಲ್ಲಿ ಯಾರ ಮನೆಯಲ್ಲಿ ಯಾರು ಹೋದರು ಅಂತ ಊಟದ ಮುಂದೆ ಯಾರೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ. ಪ್ರವಾಸಿಗಳಿಗೆ ನನ್ನ ಸಲಹೆಯೂ ಅದೇ. "ನೀವು ಯಾವ ಜನಾಂಗ?" ಅಂತ ವೇಟರ್‌ನನ್ನು ಕುತೂಹಲಕ್ಕೆ ಕೇಳಬೇಡಿ. ಪಕ್ಕದ ಮೇಜಿನ ವಿದೇಶಿಯೊಬ್ಬರು ಕೇಳಿದರು, ಹುಡುಗ "ಇಥಿಯೋಪಿಯಾ" ಅಂತ ನಕ್ಕು ಹೋದ.

ಕುಡಿಯೋದರಲ್ಲೂ ಅದೇ ಕಥೆ. ತೆಜ್ ಅನ್ನು ಬೆರೆಲೆ ಅನ್ನುವ ಉದ್ದ ಕತ್ತಿನ ಗಾಜಿನ ಹೂಜಿಯಲ್ಲಿ ಕೊಡುತ್ತಾರೆ. ಉಪವಾಸದ ಇಬ್ಬರೂ ಕುಡಿದರು, ತೆಜ್‌ಗೆ ಅಡ್ಡಿ ಇಲ್ಲವಂತೆ. ಮುಸ್ಲಿಮನೂ ಪ್ರೊಟೆಸ್ಟೆಂಟನೂ ಮುಟ್ಟಲಿಲ್ಲ. ಊಟದಲ್ಲಿ ಬೇರೆಯಾದವರು ಇಲ್ಲಿ ಒಂದಾದರು. ಮದ್ಯ ಆಗುವ ಮುಂಚಿನ ಜೇನುನೀರು ಬಿರ್ಜ್ ಅಂತ ಸಿಗುತ್ತದೆ, ಅದನ್ನೇ ನಾವು ಮೂವರು ತರಿಸಿದೆವು. ಸಿಹಿ ವಿಪರೀತ.

ಕಾಫಿ ಮಾತ್ರ ಎಲ್ಲರದ್ದೂ. ಬಿಳಿ ಬಟ್ಟೆ ಉಟ್ಟ ಹೆಂಗಸು ನಮ್ಮ ಮುಂದೆಯೇ ಹಸಿ ಬೀಜ ತೊಳೆದು, ಬಾಣಲೆಯಲ್ಲಿ ಹುರಿದು, ಆ ಹೊಗೆಯನ್ನು ಒಬ್ಬೊಬ್ಬರ ಮೂಗಿನ ಹತ್ತಿರ ತಂದು ತೋರಿಸಿದರು. ಕುಟ್ಟಿ, ಜೆಬೆನಾ ಅನ್ನುವ ಕರಿ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಒಂದಡಿ ಎತ್ತರದಿಂದ ಹನಿ ಚೆಲ್ಲದೆ ಸುರಿದರು. ಪಕ್ಕದಲ್ಲಿ ಧೂಪ, ತಿನ್ನೋಕೆ ಪಾಪ್‌ಕಾರ್ನ್. ಅಬೊಲ್, ತೊನಾ, ಬರಕಾ ಅಂತ ಮೂರು ಸುತ್ತು, ಮೂರನೆಯದು ಆಶೀರ್ವಾದದ್ದು, ಅದಕ್ಕೆ ಮುಂಚೆ ಏಳಬಾರದು. 19ನೇ ಶತಮಾನದ ಕೊನೆಯ ತನಕ ಆರ್ಥೊಡಾಕ್ಸ್ ಚರ್ಚ್ ಕಾಫಿಯನ್ನು ಮುಸ್ಲಿಮರ, ಒರೊಮೊಗಳ ಪಾನೀಯ ಅಂತ ದೂರ ಇಟ್ಟಿತ್ತು. ಈಗ ನಮ್ಮ ಶೆವಾದವಳು ಮೂರೂ ಸುತ್ತು ಮುಗಿಸಿ ನಾಲ್ಕನೆಯದಕ್ಕೆ ಬಟ್ಟಲು ಚಾಚಿದಳು. ಕಾಫಿಗೆ ಪೂರ್ತಿ ಅಂಕ. ಇದಕ್ಕೋಸ್ಕರವೇ ಹೋಗಬಹುದು.

ಬಿಲ್ ವಿಷಯ. ಮೆನುವಿನ ದರದ ಮೇಲೆ 15% ವ್ಯಾಟ್, 10% ಸರ್ವಿಸ್ ಚಾರ್ಜ್ ಬೀಳುತ್ತದೆ, ಇದು ಇಲ್ಲಿ ಮಾಮೂಲು. 2024ರ ಜುಲೈನಲ್ಲಿ ಇಲ್ಲಿನ ದುಡ್ಡಾದ ಬಿರ್‌ನ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ದರಗಳು ಏರುತ್ತಲೇ ಇವೆ, ಹಳೆ ವಿಮರ್ಶೆಗಳ ರೇಟು ನಂಬಬೇಡಿ. ನಮ್ಮ ತಕರಾರು ಬೇರೆ. ಕೇಳದ ಎರಡನೇ ಬೆರೆಲೆ ತೆಜ್ ಬಿಲ್‌ನಲ್ಲಿತ್ತು, ತಿನ್ನದ ಒಂದು ತಟ್ಟೆ ತಿಬ್ಸ್ ಅನ್ನುವ ಹುರಿದ ಮಾಂಸ ಕೂಡ. ಬುಧವಾರ ಇಬ್ಬರು ಉಪವಾಸದವರು ಕೂತ ಮೇಜಿಗೆ ತಿಬ್ಸ್! ಮ್ಯಾನೇಜರ್ ಮೊದಲು ನಂಬಲಿಲ್ಲ. ನಮ್ಮ ಗುರಾಗೆಯವನು ಎದ್ದು ನಿಂತು ವ್ಯಾಪಾರಿ ದನಿಯಲ್ಲಿ ನಾಲ್ಕು ಮಾತಾಡಿದ ಮೇಲೆ ತೆಗೆದರು. ಅಮ್ಹಾರಿಕ್ ಬಾರದ ಪ್ರವಾಸಿಗಳಾಗಿದ್ದರೆ ಕಟ್ಟಿ ಬರುತ್ತಿದ್ದೆವು. ಪ್ರತಿ ಸಾಲು ಓದಿಯೇ ದುಡ್ಡು ಕೊಡಿ.

ಒಟ್ಟು ಐದಕ್ಕೆ ಊಟಕ್ಕೆ ನಾಲ್ಕು, ಕಾಫಿಗೆ ಐದು, ಕುಣಿತಕ್ಕೆ ಮೂರು, ಬಿಲ್ಲಿಗೆ ಒಂದು. ಸಸ್ಯಾಹಾರಿಗಳು ಬುಧವಾರ ಇಲ್ಲವೇ ಶುಕ್ರವಾರ ಹೋಗಿ, ಅವತ್ತು ಅಡುಗೆ ಬಿಸಿಬಿಸಿ ಇರುತ್ತದೆ. ಮಾಂಸ ತಿನ್ನುವವರು ಬೇರೆ ದಿನ ಹೋಗಿ, ಕಿಟ್ಫೊ ಬೇಕಿದ್ದರೆ ಇಲ್ಲಿ ಬೇಡ, ಕಿಟ್ಫೊವನ್ನೇ ಮಾಡುವ ಗುರಾಗೆ ಹೋಟೆಲ್‌ಗೆ ಹೋಗಿ. ಹಲಾಲ್ ಬೇಕಾದವರು ಕೂರುವ ಮುಂಚೆಯೇ ಕೇಳಿ. ಒಬ್ಬರೇ ಹೋಗೋದಕ್ಕಿಂತ ಇಲ್ಲಿನ ನಾಲ್ಕು ಜನರನ್ನು ಕರೆದುಕೊಂಡು ಹೋಗಿ, ಆದಷ್ಟು ನಾಲ್ಕು ಕಡೆಯವರನ್ನು. ಆರ್ಡರ್ ಮಾಡೋಕೆ ಅರ್ಧ ಗಂಟೆ ಹಿಡಿಯುತ್ತದೆ, ಆ ಅರ್ಧ ಗಂಟೆಗೆ ಬಿಲ್ ಹಾಕಲ್ಲ.